ಡೈ, ಪಂಚ್, ಮೋಲ್ಡ್‌ಗಳಿಗೆ ಹಾರ್ಡ್ ಕ್ರೋಮ್: ಅಳತೆಯಿಂದ ಫಿನಿಶ್ ಗ್ರೈಂಡಿಂಗ್‌ವರೆಗೆ

ಬೆಂಗಳೂರಿನ ಪೀಣ್ಯದ ಪ್ಲೇಟಿಂಗ್ ಶೆಡ್‌ಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತಿದು: "ಎಷ್ಟು ಮೈಕ್ರಾನ್ ಹಾಕ್ಲಿ ಸಾರ್?" "ಹಾಕಪ್ಪ ಒಂದಷ್ಟು, ಚೆನ್ನಾಗಿ ಹೊಳೀಬೇಕು ಅಷ್ಟೆ." ಹೊಳಪೇ ಬೇಕಿದ್ದರೆ ಬೈಕಿನ ಹ್ಯಾಂಡಲ್‌ಗೆ ಹಾಕುವ ಕ್ರೋಮ್ ಸಾಕು. ಅದು ನಿಕಲ್ ಪದರದ ಮೇಲೆ ಕೂರುವ, ಅರ್ಧ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ದಪ್ಪವೂ ಇಲ್ಲದ ಅಲಂಕಾರ. ಡೈಗೆ ಹಾಕುವ ಹಾರ್ಡ್ ಕ್ರೋಮ್‌ನ ಕೆಲಸವೇ ಬೇರೆ. ಡೈಯನ್ನು ಟ್ಯಾಂಕಿನ ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿದಾಗ ಅದು ನೇರವಾಗಿ ಉಕ್ಕಿನ ಮೇಲೆ, 5 ಮೈಕ್ರಾನ್‌ನಿಂದ ಹಿಡಿದು ಕಾಲು ಮಿಲಿಮೀಟರ್‌ವರೆಗೂ ದಪ್ಪವಾಗಿ ಕೂರುತ್ತದೆ. ಗಡಸುತನ ವಿಕರ್ಸ್ ಮಾಪಕದಲ್ಲಿ 850ರಿಂದ 1050ರ ಆಸುಪಾಸು. ಚೆನ್ನಾಗಿ ಹಾರ್ಡನ್ ಮಾಡಿದ ಟೂಲ್ ಸ್ಟೀಲ್‌ಗಿಂತಲೂ ಹೆಚ್ಚು.

ಈ ಬರಹ ಇಬ್ಬರಿಗಾಗಿ: ಡೈ ಮಾಡಿ ಪ್ಲೇಟಿಂಗ್‌ಗೆ ಕಳಿಸುವ ಟೂಲ್ ರೂಮ್‌ನವರಿಗೆ, ಮತ್ತು ಪರವಾನಗಿ ಇರುವ ಯೂನಿಟ್‌ನಲ್ಲಿ ಟ್ಯಾಂಕ್ ನೋಡಿಕೊಳ್ಳುವವರಿಗೆ. ಮನೆಯ ಹಿತ್ತಲಲ್ಲಿ ಬಕೆಟ್ ಇಟ್ಟು ಮಾಡಿನೋಡುವ ಕೆಲಸ ಇದಲ್ಲ. ಯಾಕೆ ಅಲ್ಲ ಎಂಬುದು ಮುಂದೆ ಬರುತ್ತದೆ. ಈಗಲೇ ಹೇಳಬೇಕಾದ್ದು ಒಂದಿದೆ. ಕ್ರೋಮ್ ಕೈಕೊಟ್ಟಿತು ಎಂದು ಬೈಸಿಕೊಳ್ಳುವ ಜಾಬ್‌ಗಳಲ್ಲಿ ಬಹುಪಾಲು, ಟ್ಯಾಂಕಿಗೆ ಇಳಿಯುವ ಮೊದಲೇ ಕೆಟ್ಟಿರುತ್ತವೆ. ಡ್ರಾಯಿಂಗ್‌ನಲ್ಲಿ, ಗ್ರೈಂಡಿಂಗ್‌ನಲ್ಲಿ, ಇಲ್ಲವೇ ಡೈಯನ್ನು ಟ್ಯಾಂಕಿನಲ್ಲಿ ಹಿಡಿದಿಡುವ ಜಿಗ್‌ನಲ್ಲಿ.

ಯಾವ ಡೈಗೆ ಬೇಕು, ಯಾವುದಕ್ಕೆ ಬೇಡ

ಶೀಟನ್ನು ಬಟ್ಟಲಿನಂತೆ ಆಳಕ್ಕೆ ಒತ್ತುವ ಡೀಪ್ ಡ್ರಾ ಡೈ ಮತ್ತು ಪಂಚ್‌ಗಳಿಗೆ ಹಾರ್ಡ್ ಕ್ರೋಮ್ ಹೇಳಿ ಮಾಡಿಸಿದ್ದು. ಶೀಟ್ ಜಾರುವಾಗ ಉಕ್ಕಿಗೆ ಉಕ್ಕು ಕಚ್ಚಿಕೊಂಡು ಗೀರು ಬೀಳುವುದು ಇದರಿಂದ ತಪ್ಪುತ್ತದೆ. ಗ್ಲಾಸ್ ತುಂಬಿದ ನೈಲಾನ್ ಮೋಲ್ಡ್ ಮಾಡುವ ಡೈಗಳಲ್ಲಿ ಗಾಜಿನ ನಾರು ಪ್ಲಾಸ್ಟಿಕ್ ಒಳನುಗ್ಗುವ ಗೇಟ್ ಜಾಗವನ್ನು ಉಜ್ಜಿ ತಿನ್ನುತ್ತದೆ. ಪಿವಿಸಿ ಮೋಲ್ಡ್‌ಗಳಲ್ಲಿ ಬಿಸಿಗೆ ಹೊರಬರುವ ಆಸಿಡ್ ಆವಿ ಉಕ್ಕನ್ನು ತುಕ್ಕು ಹಿಡಿಸುತ್ತದೆ. ನೈಲಾನ್ ಡೈಗೆ ಕ್ರೋಮ್ ಒಳ್ಳೆಯ ರಕ್ಷಣೆ. ಪಿವಿಸಿಗೆ ಪರವಾಗಿಲ್ಲ ಎನ್ನಬಹುದು, ಅಷ್ಟೆ. ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ, ಆವಿ ಅಲ್ಲಿಂದ ನುಸುಳುತ್ತದೆ. ಆಳವಾದ ಮೂಲೆಗಳಿರುವ ಪಿವಿಸಿ ಮೋಲ್ಡ್‌ಗೆ ಕರೆಂಟ್ ಇಲ್ಲದೆ ಕೂರಿಸುವ ಎಲೆಕ್ಟ್ರೋಲೆಸ್ ನಿಕಲ್ ಮೇಲು ಎಂಬುದು ನನ್ನ ಅಭಿಪ್ರಾಯ, ಅದು ಮೂಲೆಮೂಲೆಗೂ ಸಮನಾಗಿ ಕೂರುತ್ತದೆ.

ಶೀಟ್ ಕತ್ತರಿಸುವ ಬ್ಲಾಂಕಿಂಗ್ ಪಂಚ್‌ನ ಹರಿತ ಅಂಚಿಗೆ ದಪ್ಪ ಕ್ರೋಮ್ ಬೇಡವೇ ಬೇಡ. ಪ್ರತಿ ಹೊಡೆತಕ್ಕೂ ಅಂಚಿನಿಂದ ಚಕ್ಕೆ ಏಳುತ್ತದೆ. ಹಾಕಲೇಬೇಕೆಂದಿದ್ದರೆ 2ರಿಂದ 5 ಮೈಕ್ರಾನ್‌ನ ತೆಳು ಕ್ರೋಮ್‌ಗೆ ನಿಲ್ಲಿಸಿ. 400 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲಸ ಮಾಡುವ ಹಾಟ್ ಡೈಗೂ ಇದು ಹೊಂದುವುದಿಲ್ಲ, ಆ ಬಿಸಿಗೆ ಕ್ರೋಮ್ ತಾನೇ ಮೆತ್ತಗಾಗುತ್ತದೆ. ಇನ್ನೊಂದು ಮುಖ್ಯ ಮಾತು: ಕ್ರೋಮ್ ಗಟ್ಟಿ ಚಿಪ್ಪು, ಆದರೆ ಕೆಳಗಿನ ಉಕ್ಕು ಮೆತ್ತಗಿದ್ದರೆ ಭಾರ ಬಿದ್ದಾಗ ಚಿಪ್ಪು ಕುಸಿದು ಒಡೆಯುತ್ತದೆ. ಹಾರ್ಡನ್ ಮಾಡುವ ಖರ್ಚು ಉಳಿಸಲೆಂದು ಇಎನ್8 ಎಂಬ ಸಾಧಾರಣ ಉಕ್ಕಿನಲ್ಲಿ ಡೈ ಮಾಡಿ "ಮೇಲೆ ಕ್ರೋಮ್ ಹಾಕಿದ್ರೆ ಆಯ್ತಲ್ಲ" ಎನ್ನುವವರು ಎರಡೂ ಖರ್ಚನ್ನು ಕಳೆದುಕೊಳ್ಳುತ್ತಾರೆ.

ಉಕ್ಕು, ಹೀಟ್ ಟ್ರೀಟ್‌ಮೆಂಟ್, ಮೇಲ್ಮೈ

ನಮ್ಮ ಕಡೆ ಡೈಗಳಿಗೆ ಹೆಚ್ಚಾಗಿ ಬರುವುದು ಓಎಚ್‌ಎನ್‌ಎಸ್, ಎಚ್‌ಸಿಎಚ್‌ಸಿಆರ್ ಎಂದು ಕರೆಯುವ ಡಿ2, ಇಎನ್31, ಇಎನ್24, ಮೋಲ್ಡ್‌ಗಳಿಗೆ ಪಿ20. ಇವೆಲ್ಲಕ್ಕೂ ಕ್ರೋಮ್ ಹಿಡಿಯುತ್ತದೆ, ಆದರೆ ಒಂದೇ ರೀತಿಯಲ್ಲಲ್ಲ. ಪ್ಲೇಟರ್‌ಗೆ ಜಾಬ್ ಕೊಡುವಾಗ ಮೂರು ವಿಷಯ ಚೀಟಿಯಲ್ಲಿ ಬರೆದು ಕೊಡಿ: ಯಾವ ಉಕ್ಕು, ಎಷ್ಟು ಎಚ್‌ಆರ್‌ಸಿ (ರಾಕ್‌ವೆಲ್ ಮಾಪಕದ ಗಡಸುತನ), ಹಾರ್ಡನ್ ಆದಮೇಲೆ ಎಷ್ಟು ಡಿಗ್ರಿಗೆ ಮತ್ತೆ ಕಾಯಿಸಿ ಟೆಂಪರ್ ಮಾಡಿದ್ದು. ಮೂರನೆಯದನ್ನು ಯಾರೂ ಬರೆಯುವುದಿಲ್ಲ. ಪ್ಲೇಟಿಂಗ್‌ನಲ್ಲಿ ಉಕ್ಕಿನೊಳಗೆ ಸೇರಿದ ಹೈಡ್ರೋಜನ್ ಹೊರಹಾಕಲು ಆಮೇಲೆ ಡೈಯನ್ನು ಓವನ್‌ನಲ್ಲಿ ಇಡಬೇಕಾಗುತ್ತದೆ. ಓವನ್ ಬಿಸಿ ಟೆಂಪರಿಂಗ್ ಬಿಸಿಯನ್ನು ಮೀರಿದರೆ ಡೈಯೇ ಮೆತ್ತಗಾಗುತ್ತದೆ. ಓಎಚ್‌ಎನ್‌ಎಸ್ ಅನ್ನು 180–200 ಡಿಗ್ರಿಯಲ್ಲಿ ಟೆಂಪರ್ ಮಾಡುವುದು ರೂಢಿ, ಹಾಗಾಗಿ ಈ ಎಚ್ಚರಿಕೆ ಅದಕ್ಕೆ ಎಲ್ಲಕ್ಕಿಂತ ಹೆಚ್ಚು.

ಹಾರ್ಡನ್ ಆದ ಡೈಯನ್ನು ಸರ್ಫೇಸ್ ಗ್ರೈಂಡರ್‌ನಲ್ಲಿ ಅವಸರದಿಂದ ತಿಂದರೆ ಮೇಲ್ಮೈಯಲ್ಲಿ ಒತ್ತಡ ಉಳಿಯುತ್ತದೆ, ಕೆಲವೊಮ್ಮೆ ಕಾಣದ ಕೂದಲೆಳೆ ಬಿರುಕೂ ಬಿದ್ದಿರುತ್ತದೆ. ಪ್ಲೇಟಿಂಗ್‌ಗೆ ಮೊದಲು ಮೇಲ್ಮೈಯನ್ನು ತುಸು ಕರಗಿಸುವ ಎಚಿಂಗ್ ಆದಾಗ, ಹೈಡ್ರೋಜನ್ ಒಳಹೊಕ್ಕಾಗ ಆ ಬಿರುಕು ಬಾಯಿ ತೆರೆಯುತ್ತದೆ. ಬಯ್ಗುಳ ತಿನ್ನುವವನು ಪ್ಲೇಟರ್. ಗ್ರೈಂಡಿಂಗ್ ನಂತರ ಟೆಂಪರಿಂಗ್ ಬಿಸಿಗಿಂತ ಸ್ವಲ್ಪ ಕೆಳಗೆ ಒಂದೆರಡು ಗಂಟೆ ಸ್ಟ್ರೆಸ್ ರಿಲೀವ್ ಮಾಡಿಸಿ ಕಳಿಸಿದರೆ ಈ ತಂಟೆಯೇ ಇರುವುದಿಲ್ಲ.

ಕ್ರೋಮ್ ಗೀರು ಮುಚ್ಚುತ್ತದೆ ಎಂಬ ನಂಬಿಕೆ ಬಿಡಿ. ಕೆಳಗೆ ಏನಿದೆಯೋ ಅದನ್ನೇ ಎತ್ತಿ ತೋರಿಸುತ್ತದೆ. ಪ್ಲೇಟಿಂಗ್‌ಗೆ ಮೊದಲು ಮೇಲ್ಮೈಯ ಒರಟುತನದ ಅಳತೆ ಆರ್‌ಎ 0.2 ಮೈಕ್ರಾನ್ ಅಥವಾ ಅದಕ್ಕಿಂತ ನುಣುಪು ಇರಲಿ. ಮೋಲ್ಡ್ ಕ್ಯಾವಿಟಿಗೆ ಡೈಮಂಡ್ ಪೇಸ್ಟ್‌ನಲ್ಲಿ ಲ್ಯಾಪ್ ಮಾಡಿಯೇ ಕಳಿಸಬೇಕು. ವೆಲ್ಡ್ ಮಾಡಿ ರಿಪೇರಿ ಮಾಡಿದ ಜಾಗವಿದ್ದರೆ ಮುಚ್ಚಿಡದೆ ಹೇಳಿ, ಅಲ್ಲಿ ಕ್ರೋಮ್ ಬೇರೆ ಬಣ್ಣದಲ್ಲಿ ಕೂರುತ್ತದೆ.

ಮೂಲೆಗಳ ವಿಷಯ. ಕರೆಂಟ್ ಚೂಪಾದ ಕಡೆ ಹೆಚ್ಚು ಓಡುತ್ತದೆ, ಸಪಾಟಾದ ಜಾಗಕ್ಕೆ ಹೋಲಿಸಿದರೆ ಚೂಪು ಅಂಚಿನಲ್ಲಿ ಕ್ರೋಮ್ ಎರಡು ಮೂರು ಪಟ್ಟು ದಪ್ಪವಾಗುತ್ತದೆ, ಗಂಟುಗಂಟಾಗುತ್ತದೆ. ಒಳಮೂಲೆಯಲ್ಲಿ ಹೆಚ್ಚೇನೂ ಕೂರುವುದಿಲ್ಲ. ಆದ್ದರಿಂದ ಹೊರ ಅಂಚುಗಳಿಗೆ ಕನಿಷ್ಠ ಅರ್ಧ ಮಿಲಿಮೀಟರ್ ರೇಡಿಯಸ್ ಕೊಡಿ, ಒಳಮೂಲೆಗೆ ಸಾಧ್ಯವಾದಷ್ಟು ದೊಡ್ಡದು. ಡೈ ಡಿಸೈನ್ ಮಾಡುವ ದಿನವೇ ಇದನ್ನು ಯೋಚಿಸಬೇಕು.

ಅಳತೆಯ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ, ಜಗಳಗಳೆಲ್ಲ ಹುಟ್ಟುವ ಜಾಗ ಇದು. "50 ಮೈಕ್ರಾನ್" ಅಂದರೆ ಒಂದು ಬದಿಗೋ, ಡಯಾದ (ವ್ಯಾಸದ) ಮೇಲೋ? ಪ್ಲೇಟರ್‌ನ ಬಾಯಲ್ಲಿ ಅದು ಯಾವತ್ತೂ ಒಂದು ಬದಿಗೆ. ಟರ್ನರ್‌ನ ತಲೆಯಲ್ಲಿ ಅದು ಡಯಾ. ಚಲನ್ ಮೇಲೆ "ಪ್ರತಿ ಬದಿಗೆ" ಎಂದು ಬರೆಸಿ.

ಉದಾಹರಣೆಗೆ 60 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ಡ್ರಾ ಪಂಚ್. ಕೊನೆಗೆ ಅಳತೆ 60.00 ಇರಬೇಕು, ಮೇಲೆ ಪ್ರತಿ ಬದಿಗೆ 40 ಮೈಕ್ರಾನ್ ಕ್ರೋಮ್ ಉಳಿಯಬೇಕು. ಹಾಗಾದರೆ ಪ್ಲೇಟಿಂಗ್‌ಗೆ ಮೊದಲು ಪಂಚ್ ಅನ್ನು 59.92ಕ್ಕೆ ಗ್ರೈಂಡ್ ಮಾಡಿ. ಟ್ಯಾಂಕ್‌ನಲ್ಲಿ ಪ್ರತಿ ಬದಿಗೆ 80 ಮೈಕ್ರಾನ್ ಕೂರಿಸಿದರೆ ಅಳತೆ 60.08 ಆಗುತ್ತದೆ. ಮತ್ತೆ ಗ್ರೈಂಡ್ ಮಾಡಿ 60.00ಕ್ಕೆ ತನ್ನಿ. ಗ್ರೈಂಡಿಂಗ್‌ಗೆ ಪ್ರತಿ ಬದಿಗೆ 40 ಮೈಕ್ರಾನ್ ಬಿಟ್ಟಂತಾಯಿತು. ಪಂಚ್ ಓರೆಯಿಲ್ಲದೆ, ಸೆಂಟರ್‌ಗಳು ಸರಿಯಾಗಿದ್ದರೆ 30 ಬಿಟ್ಟರೂ ಸಾಕು. ಸೆಂಟರ್ ಹೋಲ್‌ಗಳನ್ನು ಮಾತ್ರ ಮುಚ್ಚಿಯೇ ಪ್ಲೇಟ್ ಮಾಡಬೇಕು. ಅದರೊಳಗೆ ಕ್ರೋಮ್ ಗಂಟು ಕಟ್ಟಿದರೆ ಗ್ರೈಂಡಿಂಗ್‌ನಲ್ಲಿ ರನ್‌ಔಟ್ (ತಿರುಗುವಾಗ ಓಲಾಟ) ಬರುತ್ತದೆ, ಒಂದು ಕಡೆ ಕ್ರೋಮ್ ಪೂರ್ತಿ ಹೋಗಿ ಇನ್ನೊಂದು ಕಡೆ ದಪ್ಪ ಉಳಿಯುತ್ತದೆ.

ಈಗ ಕರೆಂಟ್. ಸುತ್ತಲಿನ ಮೇಲ್ಮೈ ಸುಮಾರು 1.88 ಚದರ ಡೆಸಿಮೀಟರ್, ತಳ 0.28. ಒಟ್ಟು 2.17 ಎನ್ನಿ. ಚದರ ಡೆಸಿಮೀಟರ್‌ಗೆ 40 ಆಂಪ್‌ನಂತೆ 87 ಆಂಪ್ ಬೇಕು. ಸಾಮಾನ್ಯ ಬಾತ್‌ನಲ್ಲಿ (ಟ್ಯಾಂಕಿನ ದ್ರಾವಣದಲ್ಲಿ) ಈ ಕರೆಂಟ್‌ಗೆ ಗಂಟೆಗೆ 22–25 ಮೈಕ್ರಾನ್ ಕೂರುತ್ತದೆ, ಅಂದರೆ 80 ಮೈಕ್ರಾನ್‌ಗೆ ಸುಮಾರು ಮೂರೂವರೆ ಗಂಟೆ. ಇಷ್ಟು ನಿಧಾನವೇಕೆಂದರೆ, ಕೊಟ್ಟ ಕರೆಂಟ್‌ನಲ್ಲಿ ನೂರಕ್ಕೆ 12–15 ಪಾಲು ಮಾತ್ರ ಕ್ರೋಮ್ ಕೂರಿಸಲು ಬಳಕೆಯಾಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಹೈಡ್ರೋಜನ್ ಗುಳ್ಳೆಯಾಗಿ ಹೋಗುತ್ತದೆ. "ಅರ್ಧ ಗಂಟೇಲಿ ಕೊಡಿ" ಎಂದು ಬಾಗಿಲಲ್ಲಿ ನಿಲ್ಲುವವರಿಗೆ ಈ ಲೆಕ್ಕ ತೋರಿಸಬಹುದು.

ಮೋಲ್ಡ್ ಕ್ಯಾವಿಟಿಗಳಿಗೆ ಗ್ರೈಂಡಿಂಗ್ ಇರುವುದಿಲ್ಲ, ಕೂತದ್ದೇ ಅಂತಿಮ ಅಳತೆ. ಅಲ್ಲಿ 10–20 ಮೈಕ್ರಾನ್ ಸಾಕು. ಡ್ರಾ ಡೈಗೆ 25–50. ಸವೆದ ಭಾಗವನ್ನು ಮತ್ತೆ ಅಳತೆಗೆ ತರಲು 100–250.

ಬಾತ್

ಈಗಲೂ ಎಲ್ಲೆಡೆ ಬಳಸುವ ಸೂತ್ರದ ಬೇರು 1920ರಲ್ಲಿ ಅಮೆರಿಕದ ಜಾರ್ಜ್ ಸಾರ್ಜೆಂಟ್ ಪ್ರಕಟಿಸಿದ ಪ್ರಯೋಗಗಳಲ್ಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಅದನ್ನು ಕಾರ್ಖಾನೆಗೆ ಒಗ್ಗಿಸಿ 1926ರಲ್ಲಿ ಪೇಟೆಂಟ್ ಪಡೆದರು. ಒಂದು ಲೀಟರ್‌ಗೆ ಹೀಗೆ:

- ಕ್ರೋಮಿಕ್ ಆಸಿಡ್ 250 ಗ್ರಾಂ
- ಸಲ್ಫ್ಯೂರಿಕ್ ಆಸಿಡ್ 2.5 ಗ್ರಾಂ
- ಬಿಸಿ 55 ಡಿಗ್ರಿ, ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗದಂತೆ
- ಕರೆಂಟ್ ಚದರ ಡೆಸಿಮೀಟರ್‌ಗೆ 35–50 ಆಂಪ್

ನೂರಕ್ಕೆ ಒಂದು ಎಂಬ ಆ ಅನುಪಾತವೇ ಇಡೀ ಬಾತ್‌ನ ಜೀವ. ಸಲ್ಫೇಟ್ ಹೆಚ್ಚಾದರೆ ಕ್ರೋಮ್ ತಗ್ಗಿನ ಜಾಗಗಳಿಗೆ ಹೋಗುವುದಿಲ್ಲ. ಕಡಿಮೆಯಾದರೆ ಪದರ ಮಂಕಾಗಿ, ಕರೆಂಟ್ ಕಡಿಮೆ ಇರುವ ಕಡೆ ಕಾಮನಬಿಲ್ಲಿನಂಥ ಕಂದು ಕಲೆ ಬರುತ್ತದೆ. 500 ಲೀಟರ್ ಹೊಸ ಬಾತ್‌ಗೆ 125 ಕೆ.ಜಿ. ಕ್ರೋಮಿಕ್ ಆಸಿಡ್ ಫ್ಲೇಕ್ಸ್ ಮತ್ತು ಲೆಕ್ಕದ ಪ್ರಕಾರ ಸುಮಾರು 690 ಮಿ.ಲೀ. ಗಾಢ ಸಲ್ಫ್ಯೂರಿಕ್ ಬೇಕು. ಆದರೆ ಅಂಗಡಿಯ ಫ್ಲೇಕ್ಸ್‌ನಲ್ಲೇ ಒಂದಿಷ್ಟು ಸಲ್ಫೇಟ್ ಇರುತ್ತದೆ. ಮೊದಲು ಮುಕ್ಕಾಲು ಪಾಲು ಹಾಕಿ, ಲ್ಯಾಬ್‌ನಲ್ಲಿ ಸಲ್ಫೇಟ್ ನೋಡಿಸಿ, ಆಮೇಲೆ ಉಳಿದದ್ದು. ಹಾಕುವುದು ಸುಲಭ, ತೆಗೆಯುವುದು ತಲೆನೋವು. ಹೆಚ್ಚಾದ ಪ್ರತಿ ಗ್ರಾಂ ಸಲ್ಫೇಟ್‌ಗೆ ಸುಮಾರು 2 ಗ್ರಾಂ ಬೇರಿಯಂ ಕಾರ್ಬೋನೇಟ್ ಹಾಕಬೇಕು. ಅದು ವಿಷ, ತಳದಲ್ಲಿ ಕೂತ ಕೆಸರೂ ಅಪಾಯಕಾರಿ ತ್ಯಾಜ್ಯವೇ.

ದ್ರಾವಣದ ಸಾಂದ್ರತೆ ತೋರಿಸುವ ಬಾಮೆ ಹೈಡ್ರೋಮೀಟರ್‌ನಲ್ಲಿ ಇಂಥ ಬಾತ್ 21–22 ತೋರಿಸುತ್ತದೆ. ದಿನನಿತ್ಯಕ್ಕೆ ಅದು ಸಾಕು. ಆದರೆ ಹಳೆ ಬಾತ್‌ನಲ್ಲಿ ಕರಗಿದ ಕಬ್ಬಿಣವೂ ತೂಕ ಕೊಡುವುದರಿಂದ ಬಾಮೆಯನ್ನೇ ನಂಬಿ ಕೂರಬೇಡಿ.

ನೀರು. ಬೋರ್‌ವೆಲ್ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ ಎಲ್ಲ ಕಡೆಯೂ ಅದು ಗಡಸು ನೀರು. ಅದರಲ್ಲಿನ ಕ್ಲೋರೈಡ್ ಕೂಡಿಕೊಳ್ಳುತ್ತಾ ಹೋಗಿ ಆನೋಡನ್ನೂ (ಪಾಸಿಟಿವ್‌ಗೆ ಸೇರಿಸಿದ ಪಟ್ಟಿ), ಕ್ರೋಮ್ ಕೂರದ ಜಾಗದ ಉಕ್ಕನ್ನೂ ತಿನ್ನುತ್ತದೆ. ಕಾವೇರಿ ನೀರಿಗೂ ಕ್ಲೋರಿನ್ ಹಾಕಿರುತ್ತಾರೆ. ಆವಿಯಾದಷ್ಟನ್ನು ಡಿಎಂ (ಲವಣ ತೆಗೆದ) ನೀರಿನಲ್ಲೇ ತುಂಬಿಸಿ.

ಆನೋಡ್

ಆನೋಡ್ ಇಲ್ಲಿ ಕರಗುವುದಿಲ್ಲ. ಸೀಸಕ್ಕೆ ತವರ ಅಥವಾ ಆಂಟಿಮನಿ ಬೆರೆಸಿದ ಪಟ್ಟಿಗಳು. ಕೆಲಸ ಮಾಡುತ್ತಿರುವ ಆನೋಡ್ ಚಾಕೊಲೇಟ್ ಕಂದು ಬಣ್ಣದಲ್ಲಿರುತ್ತದೆ, ಅದು ಸೀಸದ ಪೆರಾಕ್ಸೈಡ್ ಪದರ, ಬೇಕಾದದ್ದು. ಆಯುಧಪೂಜೆ ರಜೆ ಮುಗಿಸಿ ಬಂದು ನೋಡಿದರೆ ಅದೇ ಆನೋಡ್ ಹಳದಿ ಬಣ್ಣಕ್ಕೆ ತಿರುಗಿರುತ್ತದೆ. ಸೀಸದ ಕ್ರೋಮೇಟ್ ಅದು, ಕರೆಂಟ್ ಬಿಡುವುದಿಲ್ಲ. ವೋಲ್ಟೇಜ್ ಏರುತ್ತದೆ, ಆಂಪ್ ಏರುವುದಿಲ್ಲ. ಹೊರತೆಗೆದು ನೀರಿನಲ್ಲಿ ಒದ್ದೆ ಮಾಡಿಯೇ ಬ್ರಷ್‌ನಿಂದ ಉಜ್ಜಿ, ಡಮ್ಮಿ ತುಂಡು ಹಾಕಿ ಒಂದಷ್ಟು ಹೊತ್ತು ಓಡಿಸಿ, ಕಂದು ಮರಳಿದ ಮೇಲೆ ಗಿರಾಕಿಯ ಜಾಬ್ ಇಳಿಸಿ. ಒಣಗಿದ್ದನ್ನು ಉಜ್ಜಿದರೆ ಆ ಹಳದಿ ಪುಡಿ ಮೂಗಿಗೆ ಹೋಗುತ್ತದೆ. ಸೀಸವೂ ಕ್ರೋಮಿಯಂ ಕೂಡ, ಎರಡೂ ಒಟ್ಟಿಗೆ.

ಆನೋಡ್ ವಿಸ್ತೀರ್ಣ ಜಾಬ್‌ಗಿಂತ ಎರಡು ಪಟ್ಟಾದರೂ ಇರಲಿ. ಕಡಿಮೆಯಾದರೆ ಬಾತ್‌ನಲ್ಲಿ ಟ್ರೈವೇಲೆಂಟ್ ಎಂಬ ಇನ್ನೊಂದು ರೂಪದ ಕ್ರೋಮಿಯಂ ಹೆಚ್ಚಿ ದ್ರಾವಣ ಕಪ್ಪಾಗುತ್ತದೆ, ಪದರ ಒರಟಾಗುತ್ತದೆ.

ಜಿಗ್, ಮಾಸ್ಕಿಂಗ್, ಕಳ್ಳ

ಪ್ಲೇಟರ್‌ನ ಕೈಚಳಕ ಇರುವುದು ಇಲ್ಲಿ. ನಮ್ಮ ಪಂಚ್‌ಗೆ 87 ಆಂಪ್ ಎಂದೆವು. ತಾಮ್ರಕ್ಕೆ ಚದರ ಮಿಲಿಮೀಟರ್‌ಗೆ ಒಂದೂವರೆ ಆಂಪ್ ಎಂಬ ಹಳೆಯ ಲೆಕ್ಕ ಹಿಡಿದರೆ ಸುಮಾರು 60 ಚದರ ಮಿ.ಮೀ. ತಾಮ್ರ ಬೇಕು. ಕೊಕ್ಕೆಗೆ ಸುಮ್ಮನೆ ನೇತುಹಾಕಿದರೆ ಕಾಂಟ್ಯಾಕ್ಟ್ ಜಾಗ ಬಿಸಿಯಾಗುತ್ತದೆ, ಕಿಡಿ ಹಾರಿ ಡೈಯ ಮೇಲೆ ಗುಳಿ ಬೀಳುತ್ತದೆ. ಹಿಂಬದಿಯ ಟ್ಯಾಪ್ ಹೋಲ್‌ಗೆ ಬೋಲ್ಟ್ ಹಾಕಿ ಬಿಗಿ ಮಾಡಿ.

ಕ್ರೋಮ್ ಬೇಡವಾದ ಕಡೆ ಸ್ಟಾಪ್-ಆಫ್ ಲ್ಯಾಕರ್ ಅಥವಾ ಪಿವಿಸಿ ಟೇಪ್. ಟೇಪಿನ ತುದಿ ಅಂಚಿನ ಮೇಲೆ ಬರದಂತೆ ನೋಡಿಕೊಳ್ಳಿ. ಡೈಯ ಮುಖದಲ್ಲಿರುವ ಸಣ್ಣ ರಂಧ್ರಗಳನ್ನು ತೆರೆದೇ ಬಿಟ್ಟರೆ ಪ್ರತಿ ರಂಧ್ರದ ಸುತ್ತಲೂ ಬೆಳ್ಳನೆಯ ಒಂದು ಬಳೆ ಉಳಿಯುತ್ತದೆ, ಅಲ್ಲಿ ಕ್ರೋಮ್ ಕೂತಿರುವುದಿಲ್ಲ. ರಂಧ್ರಕ್ಕೆ ಸೀಸದ ಬಿರಡೆ ಹೊಡೆದು ಮುಖದ ಮಟ್ಟಕ್ಕೆ ಕೆರೆದು ಬಿಡಿ. ಕರೆಂಟ್‌ನ ಕಣ್ಣಿಗೆ ಅಲ್ಲಿ ರಂಧ್ರವೇ ಇಲ್ಲ ಎಂದಾಗಬೇಕು.

ಅಂಚುಗಳ ಹತ್ತಿರ ಹೆಚ್ಚುವರಿ ಕರೆಂಟ್ ಕದಿಯಲು ತಂತಿ ಕಟ್ಟುತ್ತೇವೆ, ಅದಕ್ಕೇ ಶೆಡ್‌ನಲ್ಲಿ 'ಥೀಫ್' ಎನ್ನುವುದು. ಪಂಚ್‌ನ ಕೆಳತುದಿಯಿಂದ 6–10 ಮಿ.ಮೀ. ದೂರದಲ್ಲಿ, ಪಂಚ್‌ಗೇ ಸೇರಿಸಿದ ಒಂದು ಉಂಗುರ. ಗಂಟು ಕಟ್ಟುವ ಕ್ರೋಮ್ ಪಂಚ್ ಬಿಟ್ಟು ಅದರ ಮೇಲೆ ಕಟ್ಟುತ್ತದೆ. ಥೀಫ್ ತಿನ್ನುವ ಕರೆಂಟನ್ನೂ ಲೆಕ್ಕಕ್ಕೆ ಸೇರಿಸಬೇಕು. 87 ಆಂಪ್ ಜಾಬ್‌ಗೆ ನಾನು ಮೀಟರ್ ಅನ್ನು ನೂರರ ಹತ್ತಿರ ಇಡಿಸುತ್ತೇನೆ.

ರಿಂಗ್ ಡೈಯ ಒಳಮೈಗೆ ಹೊರಗಿನ ಆನೋಡ್ ತಲುಪುವುದೇ ಇಲ್ಲ. ಮಧ್ಯದಲ್ಲಿ ಸೀಸದ ರಾಡ್ ನಿಲ್ಲಿಸಬೇಕು, ಸರಿಯಾಗಿ ಸೆಂಟರ್‌ಗೆ. ಮೇಲೆ ಕೆಳಗೆ ಪಿವಿಸಿ ತಟ್ಟೆ ಕೊಟ್ಟು ರಾಡ್ ಅಲ್ಲಾಡದಂತೆ ಹಿಡಿಸಿ. ತಟ್ಟೆಗಳಲ್ಲಿ ದೊಡ್ಡ ತೂತುಗಳಿರಲಿ, ಇಲ್ಲವಾದರೆ ಗ್ಯಾಸ್ ಮೇಲೆ ಸಿಕ್ಕಿಹಾಕಿಕೊಂಡು ಅಲ್ಲಿ ಬೋಳು ಉಳಿಯುತ್ತದೆ. ರಾಡ್ ಒಂದು ಬದಿಗೆ ವಾಲಿದರೆ ಕ್ರೋಮ್ ಆ ಬದಿಗೆ ದಪ್ಪವಾಗಿ ರಂಧ್ರ ಮೊಟ್ಟೆಯಾಕಾರವಾಗುತ್ತದೆ. ಆಮೇಲೆ ಯಾವ ಗ್ರೈಂಡರ್ ಹಾಕಿದರೂ ಪದರದ ದಪ್ಪ ಸಮ ಆಗುವುದಿಲ್ಲ.

ತೊಳೆಯುವುದು, ಎಚ್ ಮಾಡುವುದು

ಸಾಲ್ವೆಂಟ್‌ನಲ್ಲಿ ಎಣ್ಣೆ ತೆಗೆಯಿರಿ. ಪ್ಯೂಮಿಸ್ ಪುಡಿ ಹಚ್ಚಿ ನೈಲಾನ್ ಬ್ರಷ್‌ನಿಂದ ಉಜ್ಜಿ. ನಂತರ ಕ್ಷಾರದ ಎಲೆಕ್ಟ್ರೋ ಕ್ಲೀನರ್‌ನಲ್ಲಿ ಆನೋಡಿಕ್ ಆಗಿ (ಡೈಯನ್ನು ಪಾಸಿಟಿವ್‌ಗೆ ಸೇರಿಸಿ) ಒಂದೆರಡು ನಿಮಿಷ. ಹಾರ್ಡನ್ ಆದ ಡೈಯನ್ನು ಕ್ಯಾಥೋಡಿಕ್ ಆಗಿ (ನೆಗೆಟಿವ್‌ಗೆ ಸೇರಿಸಿ) ಕ್ಲೀನ್ ಮಾಡಬೇಡಿ, ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಲೂ ಬೇಡಿ. ಎರಡೂ ಉಕ್ಕಿನೊಳಗೆ ಹೈಡ್ರೋಜನ್ ತುಂಬುತ್ತವೆ. ತೊಳೆದು ಎತ್ತಿ ಹಿಡಿದಾಗ ನೀರು ಒಡೆಯದೆ ಇಡೀ ಮೈಮೇಲೆ ಒಂದೇ ಪೊರೆಯಾಗಿ ನಿಲ್ಲಬೇಕು. ಎಲ್ಲಾದರೂ ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿದರೆ ಅಲ್ಲಿ ಜಿಡ್ಡಿದೆ, ಮತ್ತೆ ಮೊದಲಿನಿಂದ.

ಎಚಿಂಗ್ ಅನ್ನು ಪ್ರತ್ಯೇಕ ಕ್ರೋಮಿಕ್ ಆಸಿಡ್ ಟ್ಯಾಂಕ್‌ನಲ್ಲಿ, ಪೋಲಾರಿಟಿ ತಿರುಗಿಸಿ ಮಾಡುವುದು ಒಳ್ಳೆಯದು. ಪ್ಲೇಟಿಂಗ್ ಟ್ಯಾಂಕ್‌ನಲ್ಲೇ ಮಾಡಿದರೆ ಕರಗಿದ ಕಬ್ಬಿಣವೆಲ್ಲ ಅಲ್ಲೇ ಉಳಿಯುತ್ತದೆ. ಇಎನ್8, ಇಎನ್24ಕ್ಕೆ ಚದರ ಡೆಸಿಮೀಟರ್‌ಗೆ 20–30 ಆಂಪ್‌ನಲ್ಲಿ ಒಂದೆರಡು ನಿಮಿಷ. ಹಾರ್ಡನ್ ಆದ ಓಎಚ್‌ಎನ್‌ಎಸ್, ಡಿ2ಗಳಿಗೆ 15–30 ಸೆಕೆಂಡ್ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಕಾರ್ಬೈಡ್ ಕಣಗಳು ಮೇಲೆದ್ದು ಕಪ್ಪು ಮಸಿ ಕೂರುತ್ತದೆ, ಆ ಮಸಿಯ ಮೇಲೆ ಕೂತ ಕ್ರೋಮ್ ಮಸಿಯ ಸಮೇತ ಕಿತ್ತುಬರುತ್ತದೆ. ಬೀಡುಕಬ್ಬಿಣಕ್ಕೆ ರಿವರ್ಸ್ ಎಚ್ ಬೇಡ, ಅದರ ಗ್ರ್ಯಾಫೈಟ್‌ನಿಂದ ಮಸಿ ಇನ್ನೂ ಜಾಸ್ತಿ.

ಕರೆಂಟ್ ಕೊಡುವುದು

ಡೈಯನ್ನು ಟ್ಯಾಂಕಿಗೆ ಇಳಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ತಣ್ಣನೆಯ ಉಕ್ಕು ಬಾತ್‌ನ ಬಿಸಿಗೆ ಬರುವವರೆಗೆ ಕಾಯಿರಿ, ದಪ್ಪ ಡೈಗೆ ಹತ್ತು ಹದಿನೈದು ನಿಮಿಷವೂ ಬೇಕಾಗಬಹುದು. ನಂತರ ಕಡಿಮೆ ವೋಲ್ಟ್‌ನಿಂದ ಶುರುಮಾಡಿ ಹಂತಹಂತವಾಗಿ ಏರಿಸಿ. ತಗ್ಗುಗಳಿರುವ ಜಾಬ್‌ಗೆ ಮೊದಲ ಒಂದೆರಡು ನಿಮಿಷ ಒಂದೂವರೆ ಪಟ್ಟು ಕರೆಂಟ್ ಕೊಟ್ಟು ಎಲ್ಲ ಕಡೆ ಕ್ರೋಮ್ ಹಿಡಿಸಿ, ಆಮೇಲೆ ಮಾಮೂಲಿಗೆ ಇಳಿಸಿ. ಜಾಬ್‌ನ ಮೈತುಂಬ ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಸರಿಯಾಗಿದೆ. ಒಂದು ಮೂಲೆ ಮಾತ್ರ ಸುಮ್ಮನಿದ್ದರೆ ಅಲ್ಲಿಗೆ ಕರೆಂಟ್ ಹೋಗುತ್ತಿಲ್ಲ, ಅಥವಾ ಗ್ಯಾಸ್ ಕೂತಿದೆ.

ಇನ್ನು ಮುಂದೆ ಒಂದೇ ನಿಯಮ: ಕರೆಂಟ್ ನಿಲ್ಲಬಾರದು. ಕ್ಷಣ ನಿಂತರೂ ಕ್ರೋಮ್‌ನ ಮೇಲೆ ಆಕ್ಸೈಡ್ ಪೊರೆ ಬರುತ್ತದೆ, ಅದರ ಮೇಲೆ ಕೂರುವ ಹೊಸ ಕ್ರೋಮ್ ಹಳೆಯದಕ್ಕೆ ಅಂಟುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಸೊಗಸು. ಗ್ರೈಂಡಿಂಗ್‌ನಲ್ಲೋ ಪ್ರೆಸ್ ಮೇಲೋ ಪದರ ಪದರವಾಗಿ ಎದ್ದುಬರುತ್ತದೆ. ಬೆಂಗಳೂರಿನ ಮಳೆಗಾಲದ ಸಂಜೆಗಳಲ್ಲಿ ಪವರ್ ಕಟ್ ಹೊಸದೇನಲ್ಲ. ಡೀಸೆಲ್ ಜನರೇಟರ್ ಇದ್ದರೂ ಬದಲಾಗುವ ಆ ಕೆಲವು ಸೆಕೆಂಡೇ ಸಾಕು ಕೆಡಲು. ಹಾಗಾಗಿ ದಪ್ಪ ಪದರದ ಜಾಬ್‌ಗಳನ್ನು ಮಳೆ ಮೋಡ ಕಟ್ಟಿದ ಹೊತ್ತಿನಲ್ಲಿ ಇಳಿಸುವುದಿಲ್ಲ ಎನ್ನುವ ಶೆಡ್‌ಗಳಿವೆ, ಅದು ಮೂಢನಂಬಿಕೆಯಲ್ಲ. ಕರೆಂಟ್ ಹೋಗಿಯೇಬಿಟ್ಟರೆ ಬಂದ ತಕ್ಷಣ ಹಳೆಯ ಆಂಪ್‌ಗೆ ನೂಕಬೇಡಿ. ಕೆಲವು ಸೆಕೆಂಡ್ ರಿವರ್ಸ್ ಕೊಟ್ಟು ಪೊರೆ ತೆಗೆದು, ತೀರಾ ಕಡಿಮೆ ವೋಲ್ಟ್‌ನಿಂದ ಕೆಲವು ನಿಮಿಷಗಳಲ್ಲಿ ನಿಧಾನಕ್ಕೆ ಏರಿಸಿ. ರಾತ್ರಿ ಪಾಳಿಯ ಹುಡುಗ ಹೀಗಾಯಿತೆಂದು ಹೇಳಿಕೊಳ್ಳಲು ಹೆದರದಂಥ ವಾತಾವರಣ ಶೆಡ್‌ನಲ್ಲಿರಬೇಕು. ಮುಚ್ಚಿಟ್ಟ ಪವರ್ ಕಟ್‌ಗಿಂತ ದುಬಾರಿ ಬೇರೊಂದಿಲ್ಲ.

ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ರಿಪಲ್ (ಕರೆಂಟ್‌ನ ಏರಿಳಿತ) 5 ಶೇಕಡಾ ಒಳಗಿರಲಿ. ಮೂರು ಫೇಸ್‌ನಲ್ಲಿ ಒಂದು ಡಯೋಡ್ ಸುಟ್ಟಿದ್ದರೂ ಆಂಪ್ ಮೀಟರ್ ಸರಿಯಾಗೇ ತೋರಿಸಬಹುದು, ಕ್ರೋಮ್ ಮಾತ್ರ ಮಂಕು. ಆಸಿಲೋಸ್ಕೋಪ್ ಹಿಡಿದು ನೋಡಿದರಷ್ಟೇ ಗೊತ್ತಾಗುವುದು.

ಬಿಸಿ ಮತ್ತು ಕರೆಂಟ್ ಜೋಡಿ ಎತ್ತು. ಬಾತ್ ತಣ್ಣಗಿದ್ದು ಕರೆಂಟ್ ಹೆಚ್ಚಾದರೆ ಅಂಚುಗಳು ಬೂದು ಬಣ್ಣಕ್ಕೆ ಸುಡುತ್ತವೆ. ಬಾತ್ ಬಿಸಿಯಾಗಿದ್ದು ಕರೆಂಟ್ ಕಡಿಮೆಯಾದರೆ ಹಾಲಿನಂಥ ಬಿಳುಪು, ಮೆತ್ತನೆಯ ಕ್ರೋಮ್. ದೊಡ್ಡ ಜಾಬ್ ಓಡುವಾಗ ಕರೆಂಟಿನಿಂದಲೇ ಬಾತ್ ಬಿಸಿಯೇರುತ್ತದೆ, ಆಗ ಹೀಟರ್ ಬದಲು ಕೂಲಿಂಗ್ ಕಾಯಿಲ್ ಬೇಕಾಗುತ್ತದೆ.

ಹೊರತೆಗೆದ ಮೇಲೆ

ಜಾಬ್ ಅನ್ನು ಟ್ಯಾಂಕ್ ಮೇಲೇ ಹಿಡಿದು ಸೋರಲು ಬಿಡಿ. ಮೊದಲ ತೊಳೆತ ನಿಂತ ನೀರಿನ ಡ್ರ್ಯಾಗ್-ಔಟ್ ಟ್ಯಾಂಕ್‌ನಲ್ಲಿ, ಆ ನೀರನ್ನೇ ಮತ್ತೆ ಬಾತ್‌ಗೆ ತುಂಬಬಹುದು. ಆಸಿಡ್‌ನ ದುಡ್ಡೂ ಉಳಿಯುತ್ತದೆ, ಇಟಿಪಿಯ (ತ್ಯಾಜ್ಯ ನೀರಿನ ಶುದ್ಧೀಕರಣ ಘಟಕದ) ಹೊರೆಯೂ ಇಳಿಯುತ್ತದೆ. ನಂತರ ಹರಿಯುವ ನೀರು, ಕೊನೆಗೆ ಬಿಸಿನೀರು.

40 ಎಚ್‌ಆರ್‌ಸಿಗಿಂತ ಗಟ್ಟಿಯಾದ ಉಕ್ಕನ್ನು ನಾಲ್ಕು ಗಂಟೆಯೊಳಗೆ ಓವನ್‌ಗೆ ಹಾಕಬೇಕು, ಬೇಗ ಆದಷ್ಟೂ ಒಳ್ಳೆಯದು. 190–220 ಡಿಗ್ರಿ, ಕನಿಷ್ಠ ಮೂರು ಗಂಟೆ, ತೀರಾ ಗಟ್ಟಿ ಉಕ್ಕಿಗೆ ಇಪ್ಪತ್ತು ಗಂಟೆ ಮೀರಿಯೂ ಇಡುವುದುಂಟು. ಒಳಗೆ ಸೇರಿದ ಹೈಡ್ರೋಜನ್ ಹೊರಹೋಗದಿದ್ದರೆ ಡೈ ಪ್ರೆಸ್‌ಗೆ ಹತ್ತುವ ಮೊದಲೇ, ರ‍್ಯಾಕ್ ಮೇಲೆ ಇಟ್ಟಲ್ಲೇ ಟಪ್ಪೆಂದು ಸೀಳಬಹುದು. ಚೀಟಿಯ ಮೂರನೇ ಸಾಲು ನೆನಪಿರಲಿ: ಟೆಂಪರಿಂಗ್ 180ರಲ್ಲಿ ಆಗಿದ್ದರೆ ಓವನ್ ಅದಕ್ಕಿಂತ ಕೆಳಗೆ, ಹೆಚ್ಚು ಹೊತ್ತು.

ಗ್ರೈಂಡಿಂಗ್‌ಗೆ ಮೆತ್ತನೆ ಗ್ರೇಡಿನ ಬಿಳಿ ಅಲ್ಯೂಮಿನಾ ವೀಲ್, 60–80 ಗ್ರಿಟ್, ಆಗಾಗ ಡ್ರೆಸ್ ಮಾಡಿ. ಒಂದು ಪಾಸ್‌ಗೆ 5 ಮೈಕ್ರಾನ್, ಹೆಚ್ಚೆಂದರೆ 10. ಕೂಲೆಂಟ್ ಧಾರಾಳವಾಗಿ, ಶುರುವಿನಿಂದಲೇ. ಬಿಸಿಯಾದ ಕ್ರೋಮ್‌ನಲ್ಲಿ ಒಣಕೆರೆಯ ತಳದಂಥ ಬಿರುಕಿನ ಬಲೆ ಕಾಣಿಸಿಕೊಂಡರೆ ಅದು ಗ್ರೈಂಡಿಂಗ್‌ನ ತಪ್ಪು, ಪ್ಲೇಟಿಂಗ್‌ನದಲ್ಲ. ಗ್ರೈಂಡ್ ಆದಮೇಲೆ ಎಲ್ಲಿಯಾದರೂ ಉಕ್ಕು ಹೊರಬಿದ್ದಿದೆಯೇ ಎಂಬ ಅನುಮಾನ ಇದ್ದರೆ ಮೈಲುತುತ್ತದ ದ್ರಾವಣವನ್ನು ಹತ್ತಿಯಲ್ಲಿ ಒರೆಸಿ ನೋಡಿ, ಉಕ್ಕಿದ್ದ ಕಡೆ ತಾಮ್ರದ ಕೆಂಪು ಹತ್ತುತ್ತದೆ.

ಆರೋಗ್ಯ, ತ್ಯಾಜ್ಯ, ಕಾನೂನು

ಕ್ರೋಮಿಕ್ ಆಸಿಡ್‌ನಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾದ ಸಂಗತಿ. ಗುಳ್ಳೆಗಳು ಒಡೆದಾಗ ಏಳುವ ಹಳದಿ ಮಂಜನ್ನು ವರ್ಷಗಟ್ಟಲೆ ಉಸಿರಾಡಿದವರ ಮೂಗಿನ ನಡುಗೋಡೆಯೇ ತೂತಾಗುತ್ತದೆ. ಕೈಮೇಲಿನ ಸಣ್ಣ ಗಾಯದೊಳಗೆ ಆಸಿಡ್ ಹೋದರೆ ಬೇಗ ಮಾಯದ ಹುಣ್ಣು. ಟ್ಯಾಂಕ್‌ನ ಅಂಚಿನಲ್ಲೇ ಎಳೆಯುವ ಎಕ್ಸಾಸ್ಟ್, ಅದಕ್ಕೆ ಸ್ಕ್ರಬ್ಬರ್, ಮೊಣಕೈವರೆಗಿನ ಗ್ಲೌಸ್, ಏಪ್ರನ್, ಮುಖದ ಶೀಲ್ಡ್, ಗಮ್ ಬೂಟ್ ಇಲ್ಲದೆ ಯಾರೂ ಹತ್ತಿರ ಹೋಗಕೂಡದು. ಕರವಸ್ತ್ರ ಕಟ್ಟಿಕೊಂಡರೆ ಮಾಸ್ಕ್ ಆಗುವುದಿಲ್ಲ. ಕ್ರೋಮಿಕ್ ಆಸಿಡ್ ಫ್ಲೇಕ್ಸ್ ಪಕ್ಕ ಥಿನ್ನರ್, ಸ್ಪಿರಿಟ್, ಎಣ್ಣೆ ಹತ್ತಿದ ವೇಸ್ಟ್ ಬಟ್ಟೆ ಇಡಬೇಡಿ, ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ.

ತೊಳೆದ ನೀರನ್ನು ಚರಂಡಿಗೆ ಬಿಡುವುದು ಅಪರಾಧ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ವರದಿಗಳಲ್ಲೇ ದಾಖಲಾಗಿದೆ, ನಮ್ಮದೇ ವೃತ್ತಿಯ ಪಾಪದ ಪಾಲು ಅದರಲ್ಲಿದೆ. ಶುದ್ಧೀಕರಣ ಕಷ್ಟದ ವಿದ್ಯೆಯೇನಲ್ಲ. ಪಿಎಚ್ 2–3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ನೀರು ಹಸಿರಿಗೆ ತಿರುಗುತ್ತದೆ. ನಂತರ ಸುಣ್ಣ ಹಾಕಿ ಪಿಎಚ್ ಅನ್ನು 8–9ಕ್ಕೆ ಏರಿಸಿದರೆ ಕ್ರೋಮಿಯಂ ಕೆಸರಾಗಿ ತಳ ಸೇರುತ್ತದೆ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಲೀಟರ್‌ಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮೀರುವಂತಿಲ್ಲ. ಕೆಸರನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ವಿಲೇವಾರಿ ಘಟಕಕ್ಕೇ ಕೊಡಬೇಕು. ಯೂನಿಟ್ ಶುರುಮಾಡುವ ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನೆಯ ಸಮ್ಮತಿ (ಸಿಎಫ್‌ಇ), ಓಡಿಸಲು ಕಾರ್ಯಾಚರಣೆಯ ಸಮ್ಮತಿ (ಸಿಎಫ್‌ಓ) ಬೇಕು. ಜಾಬ್ ಕೊಡುವವರೂ ಇದನ್ನು ಕೇಳಿ ನೋಡಬೇಕು. ಕಿಲೋಗೆ ಹತ್ತು ರೂಪಾಯಿ ಅಗ್ಗಕ್ಕೆ ಮಾಡಿಕೊಡುವ ಶೆಡ್ ಆ ಹತ್ತು ರೂಪಾಯಿಯನ್ನು ಎಲ್ಲಿ ಉಳಿಸುತ್ತಿದೆ ಎಂದು ಊಹಿಸುವುದು ಕಷ್ಟವಲ್ಲ.

ಕೆಟ್ಟರೆ ತೆಗೆದು ಮತ್ತೆ ಹಾಕುವುದು

ಸವೆದ ಅಥವಾ ಸುಲಿದ ಕ್ರೋಮ್ ಮೇಲೆಯೇ ಹೊಸದನ್ನು ಹಾಕಲು ಹೋಗಬೇಡಿ, ಹಳೆಯದನ್ನು ಪೂರ್ತಿ ತೆಗೆಯಿರಿ. ಹೈಡ್ರೋಕ್ಲೋರಿಕ್‌ನಲ್ಲಿ ಅದ್ದಿದರೆ ಬೇಗ ಹೋಗುತ್ತದೆ ನಿಜ, ಆದರೆ ಹಾರ್ಡನ್ ಆದ ಡೈಗೆ ಅದು ಹೈಡ್ರೋಜನ್ ಕುಡಿಸಿದಂತೆ. ಲೀಟರ್‌ಗೆ 50–100 ಗ್ರಾಂ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ, ಡೈಯನ್ನು ಪಾಸಿಟಿವ್‌ಗೆ ಸೇರಿಸಿ, ಸಾಮಾನ್ಯ ಬಿಸಿಯಲ್ಲೇ ನಿಧಾನವಾಗಿ ತೆಗೆಯಿರಿ. ಉಕ್ಕಿಗೆ ಏನೂ ಆಗುವುದಿಲ್ಲ. ದ್ರಾವಣ ಹಳದಿಯಾಗುತ್ತದೆ, ಅದೂ ಹೆಕ್ಸಾವೇಲೆಂಟೇ, ಇಟಿಪಿಗೇ ಹೋಗಬೇಕು. ಡೈಯನ್ನು ತೊಳೆದು ಓವನ್‌ನಲ್ಲಿಟ್ಟು, ಮೇಲ್ಮೈಯನ್ನು ಮತ್ತೆ ಪಾಲಿಶ್ ಮಾಡಿ, ಮೈಕ್ರೋಮೀಟರ್ ಹಿಡಿದು ಹೊಸದಾಗಿ ಅಳತೆ ಬರೆದುಕೊಳ್ಳಿ. ಹಳೆಯ ಚೀಟಿಯ ಅಳತೆಯನ್ನೇ ನಂಬಿದರೆ, ಪಾಲಿಶ್‌ನಲ್ಲಿ ಹೋದಷ್ಟು ಮೈಕ್ರಾನ್ ಈ ಸಲ ಕಡಿಮೆ ಬೀಳುತ್ತದೆ.